ಪ್ಲೇಟ್‌ಲೆಟ್ ಚೀಲ ಚೆನ್ನಾಗಿದೆಯೇ? ನೋಡುವ ಕ್ರಮ ಹೀಗೆ

ಕೆಂಪು ರಕ್ತಕಣಗಳನ್ನು ಫ್ರಿಜ್‌ನಲ್ಲಿಟ್ಟು ಐದಾರು ವಾರ ಕಾಪಾಡಬಹುದು. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳಿಗೆ ಸಾಮಾನ್ಯವಾಗಿ ಸಿಗುವುದು ಐದೇ ದಿನ, ಅದೂ ಫ್ರಿಜ್‌ನ ಹೊರಗೆ. ತಣ್ಣಗಾದ ಪ್ಲೇಟ್‌ಲೆಟ್ ಬಿಲ್ಲೆಯ ಆಕಾರ ಕಳೆದುಕೊಳ್ಳುತ್ತದೆ, ರೋಗಿಯ ದೇಹ ಸೇರಿದ ಮೇಲೆ ಬೇಗನೆ ಮಾಯವಾಗುತ್ತದೆ. ಸಂಶೋಧಕರಾದ ಸ್ಕಾಟ್ ಮರ್ಫಿ ಮತ್ತು ಫ್ರಾಂಕ್ ಗಾರ್ಡ್‌ನರ್ 1969ರಲ್ಲಿ ಇದನ್ನು ತೋರಿಸಿಕೊಟ್ಟರು. ಆದರೆ ಕೋಣೆಯ ತಾಪಮಾನ ಬ್ಯಾಕ್ಟೀರಿಯಾಗಳಿಗೂ ಹಿತ. ಆದ್ದರಿಂದ ಈ ಚೀಲಗಳ ಮೇಲೆ ನಿತ್ಯ ನಿಗಾ ಬೇಕೇ ಬೇಕು.

ಮೊದಲು ಚೀಲಗಳನ್ನಿಡುವ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್ ನೋಡಿ. ತಾಪಮಾನ 20ರಿಂದ 24 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಈ ಕ್ಷಣದ ಅಂಕಿ ಸರಿಯಿದ್ದರೆ ಸಾಲದು, ರಾತ್ರಿಯಿಡೀ ಏನಾಯಿತೆಂಬ ದಾಖಲೆಯನ್ನೂ ಓದಿ. ಒಳಗಿನ ಅಜಿಟೇಟರ್ ಚೀಲಗಳನ್ನು ಬಿಡದೆ ಮೆಲ್ಲಗೆ ಅಲುಗಾಡಿಸುತ್ತಿರಬೇಕು. ಪ್ಲೇಟ್‌ಲೆಟ್‌ಗಳಿಗೆ ಆಮ್ಲಜನಕ ಸಿಗುವುದು ಚೀಲದ ಗೋಡೆಯ ಮೂಲಕ. ಇಂಗಾಲದ ಡೈಆಕ್ಸೈಡ್ ಹೊರಹೋಗುವುದೂ ಅದೇ ದಾರಿಯಲ್ಲಿ. ಅಲುಗಾಟ ನಿಂತರೆ ಆಮ್ಲಜನಕ ಸಾಲದೆ ಗ್ಲೂಕೋಸ್ ಲ್ಯಾಕ್ಟಿಕ್ ಆಮ್ಲವಾಗಿ ಚೀಲದಲ್ಲಿ ಆಮ್ಲೀಯತೆ ಏರುತ್ತದೆ. ಒಂದರ ಮೇಲೊಂದು ಚೀಲ ಪೇರಿಸುವುದು, ದೊಡ್ಡ ಚೀಟಿಗಳನ್ನು ಅಂಟಿಸುವುದು ಕೂಡ ಈ ಉಸಿರಾಟಕ್ಕೆ ಅಡ್ಡಿ. ಸಾಗಾಟದ ವೇಳೆ ಅಲುಗಾಟ ತಪ್ಪಿದರೂ ಅದು 24 ಗಂಟೆ ಮೀರಬಾರದು.

ನಂತರ ಕಣ್ಣಿನ ಪರೀಕ್ಷೆ. ಖರ್ಚಿಲ್ಲದ ಈ ಹೆಜ್ಜೆಯನ್ನು ಅವಸರದಲ್ಲಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಚೀಲವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಓರೆಯಾಗಿಸಿ. ದ್ರವದೊಳಗೆ ರೇಷ್ಮೆ ಸೀರೆಯ ಮಡಿಕೆಯಂತೆ ಹೊಳಪು ಸುಳಿಸುಳಿಯಾಗಿ ಹರಿಯಬೇಕು. ಇದನ್ನು ಸ್ವರ್ಲಿಂಗ್ ಎನ್ನುತ್ತಾರೆ. ಬಿಲ್ಲೆಯಾಕಾರದ ಕಣಗಳು ಹರಿವಿನ ದಿಕ್ಕಿಗೆ ತಿರುಗಿ ಬೆಳಕನ್ನು ಚದುರಿಸುವುದರಿಂದ ಈ ಹೊಳಪು ಮೂಡುತ್ತದೆ. ಗುಂಡಗಾದ ಕಣಗಳಲ್ಲಿ ಅದು ಇರುವುದಿಲ್ಲ; ದ್ರವ ಎಲ್ಲ ಕಡೆ ಒಂದೇ ರೀತಿ ಮಂಕಾಗಿ ಕಾಣುತ್ತದೆ. ಅಂಥ ಚೀಲವನ್ನು ಬೇರೆಯಿಡಿ. ಹಾಗೆಯೇ ಬಣ್ಣ, ಸೋರಿಕೆ, ಗಂಟುಗಳನ್ನೂ ಗಮನಿಸಿ. ಕೆಂಪು ಛಾಯೆ ಕಂಡರೆ ಕೆಂಪು ಕಣಗಳು ಸೇರಿವೆ ಎಂದರ್ಥ. ಹೊಸದಾಗಿ ತಯಾರಾದ ಚೀಲದಲ್ಲಿ ಸಣ್ಣ ಗಂಟುಗಳಿದ್ದರೆ ಗಾಬರಿ ಬೇಡ, ಸ್ವಲ್ಪ ವಿಶ್ರಾಂತಿ ಕೊಟ್ಟು ಅಲುಗಾಡಿಸಿದರೆ ಬಹುಮಟ್ಟಿಗೆ ಕರಗುತ್ತವೆ. ಕರಗದೆ ಉಳಿದರೆ ಚೀಲವನ್ನು ಬಳಸಬಾರದು.

ಆಮ್ಲೀಯತೆ ಏರಿದಂತೆ ಇಳಿಯುವ ಅಂಕಿ ಪಿಎಚ್. ಅದನ್ನು ಅಳೆಯುವುದು ಪ್ರತಿ ಚೀಲಕ್ಕಲ್ಲ, ಅವಧಿ ಮುಗಿಯುವ ದಿನ ಆಯ್ದ ಕೆಲವಕ್ಕೆ. ಅಮೆರಿಕದ ಮಾನದಂಡದಲ್ಲಿ ಅದು ಕನಿಷ್ಠ 6.2, ಯುರೋಪಿನಲ್ಲಿ 6.4. ಚೀಲವನ್ನು ಚೆನ್ನಾಗಿ ಕಲಕಿ, ಕೊಳವೆಯಲ್ಲಿ ನಿಂತಿರುವ ದ್ರವವನ್ನು ಒಳಕ್ಕೆ ತಳ್ಳಿದ ಮೇಲೆಯೇ ಮಾದರಿ ತೆಗೆಯಿರಿ. ಮಾದರಿಯನ್ನು ತೆರೆದಿಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಹೆಚ್ಚಾಗಿ ಕಾಣುತ್ತದೆ, ಕೆಟ್ಟ ಚೀಲವೂ ಪಾಸಾಗಿಬಿಡುತ್ತದೆ. ಅದೇ ಮಾದರಿಯಲ್ಲಿ ಕಣಗಳ ಎಣಿಕೆಯನ್ನೂ ಮಾಡಿ: ಒಬ್ಬ ದಾನಿಯ ರಕ್ತದಿಂದ ಬೇರ್ಪಡಿಸಿದ ಚೀಲದಲ್ಲಿ ಸುಮಾರು 5,500 ಕೋಟಿ, ಅಫೆರಿಸಿಸ್ ಚೀಲದಲ್ಲಿ (ಯಂತ್ರದ ಮೂಲಕ ದಾನಿಯಿಂದ ಪ್ಲೇಟ್‌ಲೆಟ್‌ಗಳನ್ನಷ್ಟೇ ಪಡೆದದ್ದು) 30,000 ಕೋಟಿ ಪ್ಲೇಟ್‌ಲೆಟ್‌ಗಳನ್ನು ನಿರೀಕ್ಷಿಸಲಾಗುತ್ತದೆ.

ಕಣ್ಣಿಗಾಗಲಿ ಪಿಎಚ್‌ಗಾಗಲಿ ಸಿಗದೆ ನುಸುಳಬಲ್ಲದ್ದು ಬ್ಯಾಕ್ಟೀರಿಯಾ. ಸೊಗಸಾದ ಸ್ವರ್ಲಿಂಗ್ ಇರುವ ಚೀಲದಲ್ಲೂ ಅದು ಇರಬಹುದು. ಹೆಚ್ಚಿನವು ದಾನಿಯ ಚರ್ಮದಿಂದ ಸೂಜಿಯೊಡನೆ ಬಂದಂಥವು. ಹಾಗಾಗಿ ತೋಳನ್ನು ಶುಚಿಗೊಳಿಸುವಾಗಲೇ ತಡೆ ಶುರುವಾಗಬೇಕು; ದಾನದ ಮೊದಲ ಕೆಲವು ಮಿಲಿಲೀಟರ್ ರಕ್ತವನ್ನು ಬೇರೆ ಪುಟ್ಟ ಚೀಲಕ್ಕೆ ತಿರುಗಿಸಬೇಕು. ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ, ಮಾದರಿ ತೆಗೆಯಲು ಕನಿಷ್ಠ ಒಂದು ದಿನ ಕಾಯುತ್ತಾರೆ. ಆರಂಭದಲ್ಲಿ ಬ್ಯಾಕ್ಟೀರಿಯಾ ಅಷ್ಟು ವಿರಳವಾಗಿರುವುದರಿಂದ ಮಾದರಿಗೆ ಸಿಗದೇ ಹೋಗಬಹುದು.

ಕೊಟ್ಟ ಮೇಲೂ ಕೆಲಸವಿದೆ. ಹತ್ತು ನಿಮಿಷದಿಂದ ಒಂದು ಗಂಟೆಯೊಳಗೆ ರೋಗಿಯ ಪ್ಲೇಟ್‌ಲೆಟ್ ಎಣಿಕೆ ಎಷ್ಟು ಏರಿತೆಂದು ನೋಡಿ. ಏರದಿದ್ದರೆ ಚೀಲದ್ದೇ ದೋಷ ಎನ್ನಲಾಗದು. ಹಿಗ್ಗಿದ ಗುಲ್ಮ ಅಥವಾ ರೋಗಿಯಲ್ಲಿರುವ ಪ್ರತಿಕಾಯಗಳೂ ಕಾರಣವಾಗಬಹುದು. ಚಳಿ, ಜ್ವರ ಕಾಣಿಸಿದರೆ ತಕ್ಷಣ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಉಳಿದ ದ್ರವ ಮತ್ತು ಕೊಳವೆಯೊಂದಿಗೆ ಚೀಲವನ್ನು ರಕ್ತನಿಧಿಗೆ ಮರಳಿಸಿ, ಅದೇ ದಾನದಿಂದ ತಯಾರಾದ ಉಳಿದ ಘಟಕಗಳನ್ನು ಯಾರಿಗೂ ಕೊಡದಂತೆ ತಡೆಹಿಡಿಯಿರಿ.