ಮೊದಲು ಬ್ರಷ್‌ಗೊಂದು ಮೊಳೆ ಹೊಡೆಯಿರಿ

ಬೆಂಗಳೂರಿನ ಅಂಚಿನಲ್ಲಿ ಏಳುತ್ತಿರುವ ಕಟ್ಟಡಗಳ ಪಕ್ಕ ತಗಡಿನ ಶೆಡ್‌ಗಳಿರುತ್ತವೆ. ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದವರು ಅಲ್ಲಿರುತ್ತಾರೆ. ಅವರ ಮಕ್ಕಳಿಗೆ ಹಲ್ಲಿನ ಆರೈಕೆ ಕಲಿಸಲು ಹೋದಾಗ ‘ದಿನಾ ಎರಡು ಸಲ ಹಲ್ಲುಜ್ಜಿ’ ಅಂದುಬಿಡುವುದು ಸುಲಭ. ನಲ್ಲಿ ಎಲ್ಲಿದೆ? ಮನೆಗೆಲ್ಲ ಒಂದೇ ಬ್ರಷ್ ಇದ್ದರೆ? ಪಾಠಕ್ಕಿಂತ ಮುಂಚೆ ಇದನ್ನು ನೋಡಬೇಕು.

ಪ್ರತಿ ಮಗುವಿಗೂ ಸಣ್ಣ ತಲೆಯ, ಮೆತ್ತನೆಯ ಬ್ರಷ್ ಕೊಡಿ. ಅದಲುಬದಲಾಗದಂತೆ ಹಿಡಿಗೆ ಬೇರೆ ಬೇರೆ ಬಣ್ಣದ ನೂಲು ಸುತ್ತಿ. ಖಾಲಿ ನೀರಿನ ಬಾಟಲಿಯನ್ನು ಅರ್ಧಕ್ಕೆ ಕತ್ತರಿಸಿ, ತಳಕ್ಕೆ ತೂತು ಮಾಡಿ, ಮಗುವಿನ ಕೈಗೆಟುಕುವಲ್ಲಿ ಮೊಳೆಗೆ ತೂಗುಹಾಕಿ. ಬ್ರಷ್ ಅದರೊಳಗೆ ತಲೆ ಮೇಲಾಗಿ ನಿಲ್ಲಲಿ. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಟ್ಟರೆ ಒಣಗುವುದೇ ಇಲ್ಲ.

ದುಬಾರಿ ಪೇಸ್ಟ್ ಬೇಡ. ಹಲ್ಲು ಹುಳುಕಾಗದಂತೆ ಕಾಯುವ ಫ್ಲೋರೈಡ್ ಇದೆಯಾ, ಅದರ ಪ್ರಮಾಣ 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 1000 ಭಾಗ) ಅಂತ ಇದೆಯಾ ನೋಡಿದರೆ ಸಾಕು. ಜಾಹೀರಾತಿನ ಹಾಗೆ ಬ್ರಷ್ ತುಂಬ ಹಚ್ಚುವುದೂ ಬೇಡ. 3 ವರ್ಷದೊಳಗಿನವರಿಗೆ ಅಕ್ಕಿ ಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು. ಟ್ಯೂಬ್ ಜಾಸ್ತಿ ದಿನ ಬರುತ್ತದೆ ಅಂದರೆ ಅಮ್ಮಂದಿರು ಬೇಗ ಒಪ್ಪುತ್ತಾರೆ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನು ಸವೆಸುತ್ತವೆ. ಹಲ್ಲುಪುಡಿ, ಪೇಸ್ಟ್‌ಗಳಲ್ಲಿ ತಂಬಾಕು ಸೇರಿಸುವುದನ್ನು 1992ರಲ್ಲೇ ನಿಷೇಧಿಸಿದ್ದರೂ ಮನೆಯಲ್ಲೇ ತಂಬಾಕು ಹುರಿದು ಮಿಶ್ರಿ ಮಾಡಿಕೊಳ್ಳುವವರಿದ್ದಾರೆ. ಮಿಶ್ರಿಯಿಂದ ಹಲ್ಲುಜ್ಜುವ ಅಜ್ಜಿಯನ್ನು ಬೈಯಬೇಡಿ, ಮಗುವಿನ ಕೈಗೆ ಅದು ಸಿಗದಂತೆ ನೋಡಿಕೊಳ್ಳಿ.

ಇನ್ನು ತೋರಿಸಿ ಕಲಿಸುವ ಭಾಗ. ಶಾಲೆಯಲ್ಲಿ ಮೊಟ್ಟೆ ಕೊಟ್ಟ ದಿನ ಒಂದು ಚೂರು ಸಿಪ್ಪೆ ಎತ್ತಿಟ್ಟುಕೊಳ್ಳಿ. ಲೋಟದಲ್ಲಿ ಅದರ ಮೇಲೆ ನಿಂಬೆರಸ ಹಿಂಡಿ. ಗುಳ್ಳೆಗಳು ಏಳುತ್ತವೆ, ಮಕ್ಕಳ ತಲೆಗಳೆಲ್ಲ ಲೋಟದ ಮೇಲೆ ಬಾಗುತ್ತವೆ. ಮಾರನೇ ದಿನ ಸಿಪ್ಪೆ ತೆಳ್ಳಗಾಗಿರುತ್ತದೆ. ಹುಳಿ ಹಲ್ಲನ್ನೂ ಹೀಗೇ ಕರಗಿಸುತ್ತದೆ. ‘ಹಲ್ಲಲ್ಲಿ ಹುಳ ಇದೆ’ ಅನ್ನುವ ಮಾತನ್ನು ಆಗ ತಿದ್ದಬಹುದು: ತಿನ್ನುವುದು ಹುಳ ಅಲ್ಲ, ಹುಳಿ. ಬಾಯಲ್ಲಿರುವ, ಕಣ್ಣಿಗೆ ಕಾಣದ ಜೀವಿಗಳು ಸಕ್ಕರೆ ತಿಂದು ಆ ಹುಳಿ ಬಿಡುತ್ತವೆ. ಇಡೀ ದಿನ ಚೂರುಚೂರೇ ಬಿಸ್ಕತ್ತು ಮೆಲ್ಲುವುದು ಊಟದ ಜೊತೆ ಒಂದೇ ಸಲ ಸಿಹಿ ತಿನ್ನುವುದಕ್ಕಿಂತ ಕೆಟ್ಟದ್ದು.

ಉಜ್ಜುವಾಗ ಮಗುವಿನ ಹಿಂದೆ ನಿಂತು, ಅದರ ತಲೆಯನ್ನು ನಿಮ್ಮ ಎದೆಗೆ ಒರಗಿಸಿಕೊಳ್ಳಿ. ಬ್ರಷ್ ಸ್ವಲ್ಪ ಓರೆಯಾಗಿ ಒಸಡಿಗೆ ತಾಗಲಿ, ಸಣ್ಣ ಸುತ್ತುಗಳಲ್ಲಿ ಎರಡು ನಿಮಿಷ. ಏಳೆಂಟು ವರ್ಷದವರೆಗೆ ದೊಡ್ಡವರ ಕೈ ಬೇಕೇ ಬೇಕು. ಶೆಡ್‌ಗಳಲ್ಲಿ ಆ ‘ದೊಡ್ಡವರು’ ಹೆಚ್ಚಾಗಿ ಹತ್ತು ವರ್ಷದ ಅಕ್ಕ, ಅವಳಿಗೂ ಕಲಿಸಿ. ಹಿಂದಿನ ದವಡೆ ಹಲ್ಲನ್ನು ಮರೆಯಬೇಡಿ. ಆರನೇ ವರ್ಷಕ್ಕೆ ಯಾವ ಹಾಲುಹಲ್ಲೂ ಬೀಳದೆಯೇ ಅದು ಮೂಡುತ್ತದೆ. ‘ಉದುರೋ ಹಲ್ಲು ಬಿಡಿ’ ಅಂತ ಮನೆಯವರು ಸುಮ್ನೆ ಇರುತ್ತಾರೆ. ಅದೋ ಜೀವನಪೂರ್ತಿ ಇರಬೇಕಾದ ಹಲ್ಲು!

ಉಜ್ಜಿದ ಮೇಲೆ ಉಗುಳಿದರೆ ಸಾಕು, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಬೇಡಿ. ಫ್ಲೋರೈಡ್ ಹಲ್ಲಿನ ಮೇಲೆ ಉಳಿಯುತ್ತದೆ, ನೀರೂ ಉಳಿಯುತ್ತದೆ. ರಾತ್ರಿಯದ್ದಂತೂ ತಪ್ಪಿಸಲೇಬಾರದು, ಹುಳಿಯನ್ನು ತೊಳೆಯುವ ಜೊಲ್ಲು ನಿದ್ದೆಯಲ್ಲಿ ಕಡಿಮೆ.

ಪೇಸ್ಟ್‌ನಲ್ಲಿ ಒಳ್ಳೆಯದಾದ ಫ್ಲೋರೈಡೇ ಕುಡಿಯುವ ನೀರಲ್ಲಿ ಜಾಸ್ತಿಯಾದರೆ ಹಲ್ಲಿಗೆ ಕಲೆ ಕಟ್ಟುತ್ತದೆ; ಕೊಳವೆಬಾವಿ ನೀರು ಹಾಗಿರುವ ಊರಿನ ಕೆಲವು ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ ಇರುತ್ತದೆ. ಉಜ್ಜಿದರೆ ಅದು ಹೋಗುವುದಿಲ್ಲ, ಮಗುವನ್ನು ನಾಚಿಸಬೇಡಿ. ಕಪ್ಪು ಗುಳಿ ಕಂಡರೆ ಮಾತ್ರ ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೋ ಶಾಲೆಗೋ ಬರುವ ಸರ್ಕಾರಿ ಬಾಲ ಸ್ವಾಸ್ಥ್ಯ ತಂಡಕ್ಕೆ ತೋರಿಸಿ.

ಬೆಳಿಗ್ಗೆ ‘ಉಜ್ಜಿದ್ಯಾ?’ ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಬ್ರಷ್ ಒದ್ದೆ ಇದೆಯಾ ಮುಟ್ಟಿ ನೋಡಿ. ಬರೀ ನೀರಿಗೆ ಅದ್ದಿಟ್ಟ ಜಾಣರೂ ಇರುತ್ತಾರೆ, ಮೂಸಿಯೂ ನೋಡಿ.