ಮಕ್ಕಳ ಜೊತೆ ತರಕಾರಿ ಅಡುಗೆ: ಯಾವ ಕೆಲಸ ಯಾರಿಗೆ, ಎಲ್ಲಿ ಕೆಡುತ್ತದೆ

ಮಗು ತರಕಾರಿ ಮುಟ್ಟುವುದಿಲ್ಲ ಎಂದಾಗ ಮೊದಲು ನೋಡಬೇಕಾದ್ದು ಮಗುವಿನ ಹಟವನ್ನಲ್ಲ, ತರಕಾರಿ ಬೆಂದ ರೀತಿಯನ್ನು. ಮಕ್ಕಳ ನಾಲಿಗೆಗೆ ಕಹಿ ದೊಡ್ಡವರಿಗಿಂತ ಹೆಚ್ಚು ತಟ್ಟುತ್ತದೆ. ಹೂಕೋಸು, ಎಲೆಕೋಸು ಅತಿಯಾಗಿ ಬೆಂದರೆ ಗಂಧಕದ ವಾಸನೆ ಬಿಡುತ್ತವೆ. ಇಂಥದ್ದನ್ನು ತಟ್ಟೆಗೆ ಹಾಕಿ ಪುಸಲಾಯಿಸುವುದರಲ್ಲಿ ಅರ್ಥವಿಲ್ಲ. ಚೆನ್ನಾಗಿ ಬೇಯಿಸಬೇಕು, ಬೇಯಿಸುವಾಗ ಮಗುವಿಗೆ ನಿಜವಾದ ಕೆಲಸ ಕೊಡಬೇಕು. ತರಕಾರಿಯನ್ನು ಅರೆದು ಹಿಟ್ಟಿನಲ್ಲಿ ಬಚ್ಚಿಟ್ಟು ತಿನ್ನಿಸುವುದನ್ನು ನಾವು ಒಪ್ಪುವುದಿಲ್ಲ. ಹೊಟ್ಟೆಗೇನೋ ಸೇರುತ್ತದೆ, ಆದರೆ ಆ ತರಕಾರಿಯ ರುಚಿ ಮಗುವಿಗೆ ಪರಿಚಯವಾಗುವುದೇ ಇಲ್ಲ.

ಊಟದ ಹೊತ್ತಿಗೆ ಒಂದೂವರೆ ಗಂಟೆ ಮುಂಚೆ ಶುರು ಮಾಡಿ. ಹಸಿದ ಮಗುವಿಗೆ ತಾಳ್ಮೆ ಇರುವುದಿಲ್ಲ, ಗಡಿಬಿಡಿಯಲ್ಲಿರುವ ದೊಡ್ಡವರು ಕೆಲಸವನ್ನು ಅದರ ಕೈಯಿಂದ ಕಸಿದುಕೊಳ್ಳುತ್ತಾರೆ. ಕೂದಲು ಕಟ್ಟಿ, ತೋಳು ಮಡಚಿ, ಕೈಯನ್ನು ಸೋಪು ಹಾಕಿ 20 ಸೆಕೆಂಡ್ ತೊಳೆಯಲಿ.

ಮೂರು ವರ್ಷದ ಮಗು ತರಕಾರಿ ತೊಳೆಯಬಹುದು, ಸೊಪ್ಪು ಬಿಡಿಸಬಹುದು, ಬಟಾಣಿ ಸುಲಿಯಬಹುದು. ಐದಾರು ವರ್ಷಕ್ಕೆ ಅಣಬೆ, ಸೌತೆಕಾಯಿ, ಬೆಂದ ಆಲೂಗಡ್ಡೆಯಂಥ ಮೆತ್ತನೆಯದನ್ನು ಚಿಕ್ಕ ಚಾಕುವಿನಿಂದ ಹೆಚ್ಚಬಹುದು. ಒಲೆಯ ಕೆಲಸ ಎಂಟು ಒಂಬತ್ತರ ನಂತರ, ಅದೂ ದೊಡ್ಡವರು ಪಕ್ಕದಲ್ಲೇ ನಿಂತಿದ್ದಾಗ. ವಯಸ್ಸನ್ನಷ್ಟೇ ನೋಡಿ ನಿರ್ಧರಿಸಬೇಡಿ, ಕೆಲವರ ಕೈ ಬೇಗ ಪಳಗುತ್ತದೆ.

ತೊಳೆಯುವಾಗಲೇ ಪರೀಕ್ಷೆಯ ಕೆಲಸವನ್ನೂ ವಹಿಸಿ. ಆಲೂಗಡ್ಡೆಯಲ್ಲಿ ಹಸಿರು ಮಚ್ಚೆ ಅಥವಾ ಮೊಳಕೆ ಇದೆಯೇ ಎಂದು ಮಗುವೇ ಹುಡುಕಲಿ. ಆ ಭಾಗದಲ್ಲಿ ಸೊಲನಿನ್ ಎಂಬ ವಿಷ ಹೆಚ್ಚಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ದಪ್ಪಗೆ ಕೆತ್ತಿ ತೆಗೆಯಿರಿ, ತುಂಬಾ ಹಸಿರಾಗಿದ್ದರೆ ಇಡೀ ಗೆಡ್ಡೆಯನ್ನೇ ಎಸೆಯಿರಿ. ಸೋರೆಕಾಯಿ, ಸೌತೆಕಾಯಿಯ ಒಂದು ಚೂರನ್ನು ನೀವೇ ನಾಲಿಗೆಗೆ ತಾಗಿಸಿ ನೋಡಿ. ವಿಪರೀತ ಕಹಿ ಇದ್ದರೆ ಉಗಿದು ಕಾಯಿಯನ್ನು ಎಸೆಯಬೇಕು, ಆ ಕಹಿಯೂ ಬೇಯಿಸಿದರೆ ಹೋಗುವಂಥದ್ದಲ್ಲ.

ಚಾಕು ಹಿಡಿಸುವ ಮೊದಲು ಹೆಚ್ಚುವ ಮಣೆಯ ಕೆಳಗೆ ಒದ್ದೆ ಬಟ್ಟೆ ಹಾಸಿ. ಮಣೆ ಜಾರಿದರೆ ಬೆರಳು ಕೊಯ್ದುಕೊಳ್ಳುವ ಅಪಾಯವಿದೆ. ಮೊಂಡು ಚಾಕು ಸುರಕ್ಷಿತ ಎಂಬುದು ತಪ್ಪು. ಅದಕ್ಕೆ ಬಲ ಹಾಕಬೇಕು, ಬಲ ಹಾಕಿದಾಗ ಅದು ಜಾರುತ್ತದೆ. ಕ್ಯಾರೆಟ್ಟನ್ನು ನೀವು ಉದ್ದಕ್ಕೆ ಎರಡು ಹೋಳು ಮಾಡಿ, ಚಪ್ಪಟೆ ಬದಿ ಕೆಳಗೆ ಬರುವಂತೆ ಇಟ್ಟುಕೊಡಿ. ಉರುಳುವ ಕ್ಯಾರೆಟ್ ಮಗುವಿಗೆ ಬೇಡ. ತರಕಾರಿ ಹಿಡಿದ ಕೈಯ ಬೆರಳ ತುದಿಗಳು ಬೆಕ್ಕಿನ ಪಂಜದ ಹಾಗೆ ಒಳಕ್ಕೆ ಮಡಚಿರಲಿ, ಹೆಬ್ಬೆರಳು ಅವುಗಳ ಹಿಂದೆ. ತುರಿಯುವಾಗ ತುಂಡು 3 ಸೆಂಟಿಮೀಟರ್‌ಗೆ ಬಂದ ತಕ್ಷಣ ನಿಲ್ಲಿಸಿ, ಉಳಿದದ್ದನ್ನು ತಿಂದುಬಿಡುವುದು ಒಳ್ಳೆಯ ನಿಯಮ. ಐದರ ಒಳಗಿನ ಮಕ್ಕಳಿಗೆ ಮಾತ್ರ ಗಟ್ಟಿ ಹಸಿ ಕ್ಯಾರೆಟ್ ತುಂಡು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವರಿಗೆ ತುರಿದದ್ದೇ ಸಾಕು. ಹಸಿಮೆಣಸು ನಿಮ್ಮ ಪಾಲಿಗಿರಲಿ.

ಮೊದಲ ಅಡುಗೆಗೆ ಹೂಕೋಸು ಬಹಳ ಒಳ್ಳೆಯದು, ಅದನ್ನು ಚಾಕುವಿಲ್ಲದೆ ಕೈಯಲ್ಲೇ ಬಿಡಿಸಬಹುದು. 500 ಗ್ರಾಂ ಹೂಕೋಸನ್ನು ಮಗುವಿನ ಹೆಬ್ಬೆರಳಿನ ಗಾತ್ರಕ್ಕೆ ಬಿಡಿಸಿ, ತೊಳೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಒರೆಸಿ. ಒಂದೂವರೆ ದೊಡ್ಡ ಚಮಚ ಎಣ್ಣೆ, ಕಾಲು ಟೀ ಚಮಚ ಉಪ್ಪು ಹಾಕಿ ಮಗು ಎರಡೂ ಕೈಯಲ್ಲಿ ಕಲಸಲಿ. ಓವನ್ 220 ಡಿಗ್ರಿ ಸೆಲ್ಸಿಯಸ್‌ಗೆ ಕಾದಿರಬೇಕು. ಟ್ರೇಯಲ್ಲಿ ಒಂದಕ್ಕೊಂದು ತಾಗದಂತೆ ಒಂದೇ ಪದರವಾಗಿ ಹರಡಿ. ಇಲ್ಲೇ ಹೆಚ್ಚಿನವರು ಎಡವುವುದು: ಒತ್ತೊತ್ತಾಗಿ ತುಂಬಿದರೆ, ಇಲ್ಲವೇ ನೀರಿನಂಶ ಉಳಿದಿದ್ದರೆ, ಹೂಕೋಸು ಹುರಿಯುವ ಬದಲು ಹಬೆಯಲ್ಲಿ ಬೇಯುತ್ತದೆ. ನೀರು ಆರುವವರೆಗೆ ಅದರ ಮೈ 100 ಡಿಗ್ರಿ ದಾಟುವುದಿಲ್ಲ, ಸಿಹಿ ಪರಿಮಳದ ಕಂದು ಬಣ್ಣಕ್ಕೆ ಅದಕ್ಕಿಂತ ಹೆಚ್ಚು ಶಾಖ ಬೇಕು. 15 ನಿಮಿಷಕ್ಕೆ ತಿರುವಿಹಾಕಿ, ಇನ್ನೂ 8–10 ನಿಮಿಷ ಬಿಡಿ. ಓವನ್ ಇಲ್ಲದಿದ್ದರೆ ಅಗಲವಾದ ದಪ್ಪ ತಳದ ಬಾಣಲೆಯಲ್ಲಿ ಎರಡು ಕಂತಾಗಿ ಹುರಿಯಿರಿ, ಪದೇ ಪದೇ ಕೈಯಾಡಿಸಬೇಡಿ.

ಬೀನ್ಸ್‌ನಲ್ಲಿ ಮಕ್ಕಳು ನೋಡುವುದು ಬಣ್ಣವನ್ನು. ತುಂಬಾ ಹೊತ್ತು ಬೆಂದರೂ, ಹುಳಿ ಮೊದಲೇ ಬಿದ್ದರೂ ಹಸಿರು ಮಾಸಿ ಮಂಕಾಗುತ್ತದೆ. 250 ಗ್ರಾಂ ಬೀನ್ಸನ್ನು 3 ಸೆಂಟಿಮೀಟರ್ ತುಂಡು ಮಾಡಿ, ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಎರಡು ನಿಮಿಷ ಬಾಡಿಸಿ, ನಾಲ್ಕು ದೊಡ್ಡ ಚಮಚ ನೀರು ಹಾಕಿ ಮೂರು ನಿಮಿಷ ಮುಚ್ಚಿ, ಆಮೇಲೆ ಮುಚ್ಚಳ ತೆಗೆದು ನೀರು ಆರಿಸಿ. ಬೀನ್ಸ್ ಎಳೆಯದಲ್ಲದಿದ್ದರೆ ಒಂದೆರಡು ನಿಮಿಷ ಹೆಚ್ಚು ಬೇಕು. ನಿಂಬೆರಸ ಒಲೆ ಆರಿಸಿದ ಮೇಲೆ. ಬಣ್ಣ ಉಳಿಯಲೆಂದು ಅಡುಗೆ ಸೋಡಾ ಹಾಕಬೇಡಿ, ತರಕಾರಿ ಲೊಳೆಯಾಗುತ್ತದೆ, ವಿಟಮಿನ್ ಸಿ ಕೂಡ ಹಾಳಾಗುತ್ತದೆ.

ಒಲೆಯ ಹತ್ತಿರ ಬಾಣಲೆಯ ಹಿಡಿ ಸದಾ ಒಳಮುಖವಾಗಿರಲಿ, ಮಗು ನಿಲ್ಲುವ ಸ್ಟೂಲ್ ಅಲ್ಲಾಡಬಾರದು.

ಸೂಪ್ ಮಾಡುವುದಾದರೆ 500 ಗ್ರಾಂ ಸಿಹಿಗುಂಬಳ, ಒಂದು ಈರುಳ್ಳಿ, ಅರ್ಧ ಲೀಟರ್ ನೀರು. ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸಿ, ಒಂದು ಚಮಚ ಎಣ್ಣೆ ಅಥವಾ ಬೆಣ್ಣೆ ಹಾಕಿ. ಕುಂಬಳದ ಕ್ಯಾರೊಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ ಕಿತ್ತಳೆ ಬಣ್ಣದ ಅಂಶ) ಮೈಗೆ ಹತ್ತಲು ಜಿಡ್ಡು ಬೇಕು. ಬಿಸಿ ಸೂಪನ್ನು ಮಿಕ್ಸಿಗೆ ಹಾಕಿದರೆ ಹಬೆಯ ಒತ್ತಡಕ್ಕೆ ಮುಚ್ಚಳ ಹಾರುತ್ತದೆ. ಆರಲು ಬಿಡಿ, ಇಲ್ಲವೇ ಉಗುರುಬೆಚ್ಚಗಾದ ಮೇಲೆ ಮಗುವೇ ಸೌಟಿನಿಂದ ಮಸೆಯಲಿ.

ಈಗ ಉಪ್ಪು ಹಾಕದ ಸೂಪನ್ನು ಮೂರು ಪುಟ್ಟ ಬಟ್ಟಲಿಗೆ ಹಾಕಿ. ಒಂದಕ್ಕೆ ಚಿಟಿಕೆ ಉಪ್ಪು, ಇನ್ನೊಂದಕ್ಕೆ ನಾಲ್ಕು ಹನಿ ನಿಂಬೆರಸ, ಮೂರನೆಯದಕ್ಕೆ ಎರಡೂ. ಯಾವುದು ಹೇಗಿದೆ ಎಂದು ಮಗು ಹೇಳಲಿ, ಪಾತ್ರೆಯ ಸೂಪಿಗೆ ಅದು ಹೇಳಿದ್ದನ್ನೇ ಹಾಕಿ. ರುಚಿ ನೋಡಿ ತೀರ್ಮಾನಿಸಿದವರು ಕುಡಿಯುವುದಕ್ಕೂ ಮುಂದಾಗುತ್ತಾರೆ.

ಇಷ್ಟಾದರೂ ಬೇಡ ಎನ್ನಬಹುದು. ಹೊಸ ತರಕಾರಿ ಒಗ್ಗಲು ಹತ್ತು ಹದಿನೈದು ಸಲ ರುಚಿ ನೋಡಬೇಕಾಗುವುದು ಸಹಜ, ಎರಡು ಮೂರು ಸಲಕ್ಕೆ ಕೈಬಿಡಬೇಡಿ. ಒಂದು ತುಣುಕು ಬಡಿಸಿ, ಒತ್ತಾಯ ಬೇಡ. ತಿಂದರೆ ಸಿಹಿ ಕೊಡುತ್ತೇನೆ ಎಂಬ ಆಸೆಯನ್ನೂ ತೋರಿಸಬೇಡಿ, ತರಕಾರಿ ಎಂದರೆ ಶಿಕ್ಷೆ ಎಂದು ನಾವೇ ಒಪ್ಪಿದ ಹಾಗಾಗುತ್ತದೆ. ಮುಂದಿನ ವಾರ ಅದೇ ತರಕಾರಿಯನ್ನು ಬೇರೆ ಆಕಾರದಲ್ಲಿ ಹೆಚ್ಚಲು ಮಗುವಿಗೇ ಕೊಡಿ.