ವೇ ಬಿಲ್ ಬರೆಯಲು ಕಲಿತ ತಿಂಗಳು

"ದಯವಿಟ್ಟು ಸಹಾಯ ಮಾಡಿ. ನಮ್ಮ ಮನೆಯವರು ತುಂಬಾ ಸೀರಿಯಸ್. ಎಲ್ಲೂ ಬೆಡ್ ಸಿಗುತ್ತಿಲ್ಲ. ದೇವರೇ ಗತಿ. ಎಲ್ಲರಿಗೂ ಕಳಿಸಿ."

2021ರ ಏಪ್ರಿಲ್ ಕೊನೆಯ ವಾರ, ಕೋವಿಡ್ ಎರಡನೇ ಅಲೆಯ ಹೊತ್ತು, ರಾತ್ರಿ ಹತ್ತೂವರೆಗೆ ನನ್ನ ವಾಟ್ಸಾಪಿಗೆ ಬಂದ ಮೆಸೇಜ್ ಇದು. ಕಳಿಸಿದವರು ಎದುರು ಮನೆ ಅಂಕಲ್. ಕಳಿಸಿ, ನಮ್ಮ ಗೇಟಿನ ಹತ್ತಿರ ಬಂದು ನಿಂತಿದ್ದರು. "ಏನಮ್ಮಾ, ನೀನು ಪೇಪರಿಗೆಲ್ಲ ಬರೀತೀಯಲ್ವಾ, ಇದು ಸರಿ ಇದೆಯಾ ನೋಡು. ನೂರು ಜನಕ್ಕೆ ಕಳಿಸಿದೀನಿ. ಒಬ್ರೂ ಫೋನ್ ಮಾಡ್ತಿಲ್ಲ."

ಸರಿ ಇರಲಿಲ್ಲ. ಯಾರಿಗೆ ಕಾಯಿಲೆ, ವಯಸ್ಸೆಷ್ಟು, ಮನೆ ಎಲ್ಲಿ, ಯಾವ ನಂಬರಿಗೆ ಫೋನ್ ಮಾಡಬೇಕು, ಒಂದೂ ಇಲ್ಲ. ಯಾವತ್ತಿನ ಮೆಸೇಜ್ ಅಂತಲೂ ಗೊತ್ತಾಗುವುದಿಲ್ಲ. ಆ ದಿನಗಳಲ್ಲಿ ವಾರದ ಹಿಂದೆಯೇ ತೀರಿಕೊಂಡವರಿಗೂ ಬೆಡ್ ಕೇಳುವ ಮೆಸೇಜುಗಳು ಗ್ರೂಪಿಂದ ಗ್ರೂಪಿಗೆ ಓಡಾಡುತ್ತಲೇ ಇದ್ದವು.

ಗೇಟಿನ ಈಚೆ ನಾನು, ಆಚೆ ಅವರು. ಒಂದೊಂದೇ ಕೇಳುತ್ತಾ ಹೋದೆ. ಅವರು ಒಳಗೆ ಓಡಿ ಲ್ಯಾಬಿನ ಚೀಟಿ ತಂದು, ಟಾರ್ಚ್ ಹಾಕಿಕೊಂಡು ಕೋವಿಡ್ ಟೆಸ್ಟಿನ ಎಸ್‌ಆರ್‌ಎಫ್ ನಂಬರ್ ಓದಿದರು. ಹದಿಮೂರು ಅಂಕಿ. ಎರಡು ಸಲ ಓದಿಸಿದೆ. ಪಾಸಿಟಿವ್ ಬಂದವರಿಗೆ ಬೆಂಗಳೂರಲ್ಲಿ ಕೊಡುತ್ತಿದ್ದ ಬಿಯು ನಂಬರನ್ನೂ ಕೇಳಿಕೊಂಡೆ. ಆಮೇಲೆ ಹೀಗೆ ಬರೆದೆ:

"ಮಹಿಳೆ, 63 ವರ್ಷ. ನಾಗರಬಾವಿ 2ನೇ ಹಂತ. ಜ್ವರ ಶುರುವಾಗಿ ಆರು ದಿನ. ಆಕ್ಸಿಜನ್ 86, ರಾತ್ರಿ 10.50ಕ್ಕೆ ನೋಡಿದ್ದು. ಬಿಪಿ ಇದೆ, ಶುಗರ್ ಇಲ್ಲ. ಎಸ್‌ಆರ್‌ಎಫ್ ನಂಬರ್, ಬಿಯು ನಂಬರ್ ಎರಡೂ ಕೆಳಗಿವೆ. ಆಕ್ಸಿಜನ್ ಇರುವ ಬೆಡ್ ಬೇಕು. ಗಂಡನ ಫೋನ್ ನಂಬರ್ ಇದು. ಬೆಡ್ ಸಿಕ್ಕ ಕೂಡಲೇ ಇಲ್ಲೇ ತಿಳಿಸುತ್ತೇವೆ."

ದಯವಿಟ್ಟು ತೆಗೆದೆ. ದೇವರನ್ನೂ ತೆಗೆದೆ. ಅಂಕಲ್‌ಗೆ ಅದು ಸ್ವಲ್ಪ ಬೇಜಾರಾಯಿತು ಅಂತ ಕಾಣುತ್ತದೆ. "ದೇವರ ಹೆಸರಾದ್ರೂ ಇರ್ಲಿ ಕಣಮ್ಮಾ" ಅಂದರು. ಕೊನೆಯಲ್ಲಿ ಒಂದು ಕೈಮುಗಿಯುವ ಚಿತ್ರ ಸೇರಿಸಿ ರಾಜಿ ಮಾಡಿಕೊಂಡೆವು.

ಒಳಗೆ ಬಂದು ನೀರು ಕುಡಿಯುವಾಗ ಒಂದು ವಿಷಯ ಗಮನಕ್ಕೆ ಬಂತು. ನನ್ನ ಕೈ ನಡುಗುತ್ತಿರಲಿಲ್ಲ. ಸುಮಾರು ಹನ್ನೆರಡು ದಿನದಿಂದ ಲೋಟ ಹಿಡಿದರೂ ನಡುಗುತ್ತಿದ್ದ ಕೈ ಅದು.

ನಾನು ಇಪ್ಪತ್ತು ವರ್ಷದಿಂದ ಬರೆದೇ ಬದುಕುತ್ತಿದ್ದೇನೆ. ಅಂಕಣ, ಅನುವಾದ, ರೇಡಿಯೋಗೆ ಸ್ಕ್ರಿಪ್ಟು, ಯಾರದೋ ಷಷ್ಟ್ಯಬ್ದಿ ಸಂಚಿಕೆಗೆ ಸಂಪಾದನೆ, ಹೀಗೆ ಸಿಕ್ಕಿದ್ದು. ನಮ್ಮ ಮನೆ ರಿಂಗ್ ರೋಡಿಗೆ ಹತ್ತಿರ. ಅಲ್ಲಿಂದ ಸುಮನಹಳ್ಳಿ ಚಿತಾಗಾರ ದೂರವಿಲ್ಲ. ಆ ಏಪ್ರಿಲ್‌ನಲ್ಲಿ ಅಲ್ಲಿ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಸಾಲದೆ ತಾವರೆಕೆರೆ ಕಡೆ ಗಿಡ್ಡೇನಹಳ್ಳಿಯಲ್ಲಿ ಬಯಲಲ್ಲೇ ಸುಡುವ ವ್ಯವಸ್ಥೆ ಮಾಡಿದರು. ಹಗಲು ರಾತ್ರಿ ಸೈರನ್. ಒಂದು ಹಂತ ದಾಟಿದ ಮೇಲೆ ಸೈರನ್ ಹಾಕಿಕೊಂಡು ಹೋಗುವ ಗಾಡಿಗಿಂತ ಸೈರನ್ ಇಲ್ಲದೆ ಹೋಗುವ ಗಾಡಿ ನೋಡಿದರೇ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು.

ಅಂಥ ಹೊತ್ತಲ್ಲಿ ಒಂದು ಪತ್ರಿಕೆಯಿಂದ ಫೋನ್. "ಮೇಡಂ, ಎಲ್ಲ ಕಡೆ ಬರೀ ನೆಗೆಟಿವ್. ಧೈರ್ಯ ತುಂಬೋ ಹಾಗೆ ಒಂದು ಎಂಟುನೂರು ಪದ ಕೊಡಿ." ಹೂಂ ಅಂದೆ. ಮೂರು ದಿನ ಕೂತೆ. "ಕತ್ತಲು ಎಷ್ಟೇ ದಟ್ಟವಾಗಿದ್ದರೂ" ಅಂತ ಶುರು ಮಾಡಿ ಅಳಿಸಿದೆ. "ಮನುಕುಲ" ಅಂತ ಬರೆದು ಅಳಿಸಿದೆ. ನನಗೇ ಇಲ್ಲದ ಧೈರ್ಯವನ್ನು ಓದುಗರಿಗೆ ಎಲ್ಲಿಂದ ತಂದು ತುಂಬಲಿ?

ಹಿಂದಿನ ವರ್ಷ ಹೀಗಿರಲಿಲ್ಲ, ಅದನ್ನೂ ಹೇಳಬೇಕು. 2020ರ ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಎಲ್ಲರ ಜೊತೆ ನಾನೂ ತಟ್ಟೆ ಬಡಿದಿದ್ದೆ. ಲಾಕ್‌ಡೌನ್ ಶುರುವಾದ ಮೊದಲ ಇಪ್ಪತ್ತೊಂದು ದಿನದಲ್ಲಿ ಹದಿನಾಲ್ಕು ಕವಿತೆ ಬರೆದೆ. ಎಲ್ಲದರಲ್ಲೂ ಒಂದು ಗುಬ್ಬಚ್ಚಿ, ಒಂದು ಖಾಲಿ ರಸ್ತೆ. ಈಗ ಓದಿದರೆ ನಾಚಿಕೆಯಾಗುತ್ತದೆ. ಅವತ್ತು ಕಾಯಿಲೆ ದೂರದಲ್ಲಿತ್ತು, ಅದಕ್ಕೇ ದೊಡ್ಡ ಮಾತು ಸುಲಭವಾಗಿ ಬಂದಿತ್ತು, ಅಷ್ಟೇ. ಎದುರು ಮನೆಗೆ ಬಂದಾಗ ಒಂದೂ ಬರಲಿಲ್ಲ.

ಆಂಟಿಗೆ ಮಾರನೇ ದಿನ ಮಧ್ಯಾಹ್ನ ಬೆಡ್ ಸಿಕ್ಕಿತು. ನಾನು ಬರೆದ ಮೆಸೇಜಿಂದಲೇ ಸಿಕ್ಕಿತು ಅಂತ ಹೇಳಲಾರೆ. ಬೆಡ್‌ಗಾಗಿ ಇದ್ದ ಸಹಾಯವಾಣಿ 1912ಕ್ಕೆ ರಾತ್ರಿಯಿಡೀ ಫೋನ್ ಮಾಡಿದ್ದು ಅವರ ಮಗಳು. ಆದರೆ ಆ ಮೆಸೇಜ್ ನೋಡಿ ಏಳು ಜನ ಫೋನ್ ಮಾಡಿದ್ದರು, ಮತ್ತು ಏಳೂ ಜನ ನೇರವಾಗಿ ಕೆಲಸದ ಮಾತಿಗೇ ಬಂದಿದ್ದರು. "ಏನಾಗಿದೆ?" ಅಂತ ಮೊದಲಿಂದ ಹೇಳಿಸಲಿಲ್ಲ.

ಆಂಟಿ ಆಸ್ಪತ್ರೆಗೆ ಹೋದ ಮೇಲೆ ಅಂಕಲ್ ಒಬ್ಬರೇ ಮನೆಯಲ್ಲಿ. ಅವರಿಗೂ ಪಾಸಿಟಿವ್, ಆದರೆ ಅಷ್ಟು ಜೋರಿಲ್ಲ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಅಂಗಡಿ ತೆಗೆಯುತ್ತಿದ್ದ ಸಮಯ ಅದು. ಹಾಲು, ಸೊಪ್ಪು ತಂದಾಗ ಅವರ ಗೇಟಿಗೊಂದು ಚೀಲ ಸಿಕ್ಕಿಸಿ ಬರುತ್ತಿದ್ದೆ. ಒಂದು ದಿನ ಕಾಂಪೌಂಡಿನ ಒಳಗೆ ಕುರ್ಚಿ ಹಾಕಿಕೊಂಡು ಹಳೇ ಡೈರಿಯಲ್ಲಿ ಏನೋ ಬರೆಯುತ್ತಿದ್ದರು. ಕೇಳಿದರೆ ದೂರದಿಂದಲೇ ಎತ್ತಿ ತೋರಿಸಿದರು.

ಅವರು ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಡೈರಿಯಲ್ಲಿ ಗೆರೆ ಎಳೆದು ಮನೆ ಹಾಕಿದ್ದರು. ಒಂದರಲ್ಲಿ ಸಮಯ, ಇನ್ನೊಂದರಲ್ಲಿ ಆಕ್ಸಿಜನ್, ಮತ್ತೊಂದರಲ್ಲಿ ಜ್ವರ. ಕೊನೆಯದರಲ್ಲಿ ಸಣ್ಣಕ್ಷರದಲ್ಲಿ ಏನಾದರೂ ಒಂದು. "ಗಂಜಿ ಅರ್ಧ ಲೋಟ." "ಡೋಲೋ ಒಂದು." "ಮಗಳು ಫೋನ್."

"ವೇ ಬಿಲ್ ಇದ್ದ ಹಾಗೆ ಕಣಮ್ಮಾ" ಅಂದರು. "ಸ್ಟೇಜ್ ಬಂದಾಗಲೆಲ್ಲ ಟಿಕೆಟ್ ನಂಬರ್ ಬರೀಬೇಕು. ಬಸ್ಸಲ್ಲಿ ನಿಲ್ಲೋಕೆ ಜಾಗ ಇಲ್ದೇ ಇರ್ಲಿ, ಜಗಳಾನೇ ಆಗ್ತಿರ್ಲಿ, ಬರೀಬೇಕು. ಆಮೇಲೆ ಬರೀತೀನಿ ಅಂದ್ಯೋ, ಚೆಕಿಂಗ್‌ನವರ ಕೈಲಿ ಸಿಕ್ಕಿಹಾಕ್ಕೊಂಡೆ."

ಆಂಟಿಯನ್ನು ಸೇರಿಸಿಕೊಳ್ಳುವಾಗ ಡಾಕ್ಟರ್ "ಯಾವತ್ತು ಜ್ವರ ಬಂತು, ಆಕ್ಸಿಜನ್ ಯಾವಾಗ ಇಳೀತು" ಅಂತ ಕೇಳಿದ್ದಕ್ಕೆ ಈ ಮನುಷ್ಯ ಡೈರಿ ನೋಡಿ ಗಂಟೆ ಸಮೇತ ಓದಿದ್ದರಂತೆ. ಬೇರೆಯವರೆಲ್ಲ "ಒಂದ್ ನಾಲ್ಕೈದು ದಿನ ಆಯ್ತು ಸಾರ್" ಅನ್ನುತ್ತಿದ್ದ ಸಾಲಿನಲ್ಲಿ.

ಅವತ್ತೇ ನಾನೂ ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದೆ. ನನ್ನ ಕಾಲಂಗಳು ಮೂರೇ. ಸಮಯ. ಕಣ್ಣಾರೆ ಕಂಡದ್ದು ಅಥವಾ ಕಿವಿಯಾರೆ ಕೇಳಿದ್ದು ಒಂದು. ಅದರ ಬಗ್ಗೆ ನಾನು ಮಾಡಿದ್ದು ಏನು, ಅದೊಂದು. "ಹೇಗನಿಸಿತು" ಅನ್ನುವ ಕಾಲಂ ಬೇಕಂತಲೇ ಇಡಲಿಲ್ಲ. ದಿನಕ್ಕೆ ಐದು ಸಲ ಬರೆಯಬೇಕು, ಬಿಡುವಿರಲಿ ಇಲ್ಲದಿರಲಿ. ಒಂದು ದಿನದ್ದು ಹೀಗಿದೆ:

"ಬೆ. 6.40. ಹಾಲಿನ ಬೂತ್. ಹಾಲಿನವನು ನೋಟು ಮುಟ್ಟುತ್ತಿಲ್ಲ, ಡಬ್ಬಿಗೆ ಹಾಕಿ ಅನ್ನುತ್ತಾನೆ. ಚಿಲ್ಲರೆ ಬಿಟ್ಟು ಬಂದೆ. ಮ. 1.15. ಮೂರನೇ ಕ್ರಾಸಿನ ಹುಡುಗನಿಗೆ ಆಕ್ಸಿಮೀಟರ್ ಬೇಕಂತೆ. ನಮ್ಮದೇ ಕೊಟ್ಟೆ, ಸೆಲ್ ಹೊಸದು ಹಾಕಿ. ಸಂ. 5. ಟಿವಿ ಹಾಕಿದೆ. ರಾಜ್ಯದಲ್ಲಿ ಇವತ್ತು 50 ಸಾವಿರ ದಾಟಿದೆ. ಟಿವಿ ಆರಿಸಿದೆ."

ಇದು ಮೇ 5ರದ್ದು. ಒಂದೇ ದಿನಕ್ಕೆ ರಾಜ್ಯದಲ್ಲಿ ಅರ್ಧ ಲಕ್ಷ ಕೇಸ್ ದಾಟಿದ ದಿನ. ಮೂರನೇ ಕಾಲಂನಲ್ಲಿ "ಟಿವಿ ಆರಿಸಿದೆ" ಅಂತ ಬರೆಯಬಹುದು ಅನ್ನುವುದೇ ನನಗೆ ದೊಡ್ಡ ಸಮಾಧಾನವಾಗಿತ್ತು. ಅದೂ ಮಾಡಿದ ಕೆಲಸವೇ ತಾನೆ.

ನಮ್ಮಜ್ಜಿ ಪ್ಲೇಗಿನ ಕಥೆ ಹೇಳುತ್ತಿದ್ದ ರೀತಿ ಆಗ ನೆನಪಿಗೆ ಬಂತು. ಎಷ್ಟು ಸಲ ಹೇಳಿದರೂ "ಭೀಕರ", "ಘೋರ" ಅನ್ನುವ ಮಾತು ಅಜ್ಜಿಯ ಬಾಯಲ್ಲಿ ಬರುತ್ತಿರಲಿಲ್ಲ. "ಒಳಮನೇಲಿ ಇಲಿ ಬಿತ್ತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ವಿ. ಬೆಕ್ಕು ಮಾತ್ರ ಬರಲಿಲ್ಲ." ಆ ಬೆಕ್ಕನ್ನು ನೆನೆದು ಚಿಕ್ಕವಳಿದ್ದಾಗ ನಾನು ಅತ್ತಿದ್ದೇನೆ. ಬರವಣಿಗೆಯ ಕಮ್ಮಟಗಳಲ್ಲಿ ನಾನೇ ಮಕ್ಕಳಿಗೆ ಇದನ್ನು ಪಾಠ ಮಾಡಿದ್ದೆ. ನನಗೆ ಬೇಕಾದಾಗ ಮರೆತಿದ್ದೆ, ನೋಡಿ.

ಒಂದು ತಪ್ಪು ಮಾಡಿದೆ. ಮೆಸೇಜ್ ಚೆನ್ನಾಗಿ ಬರೆಯುತ್ತಾಳೆ ಅಂತ ಬೀದಿಯಲ್ಲಿ ಹೆಸರಾಯಿತು. ದಿನಕ್ಕೆ ಹತ್ತು ಹನ್ನೆರಡು ಜನ ಕೇಳುತ್ತಿದ್ದರು. ಸ್ವಲ್ಪ ಗರ್ವವೂ ಬಂತು. ಒಂದು ರಾತ್ರಿ ಯಾರೋ ಕಳಿಸಿದ ಆಕ್ಸಿಜನ್ ಸಿಲಿಂಡರ್ ನಂಬರನ್ನು, ಕಾಗುಣಿತ ತಿದ್ದಿ, ಸಾಲು ಸರಿ ಮಾಡಿ, ಚೆಂದ ಮಾಡಿ ಗ್ರೂಪಿಗೆ ಹಾಕಿದೆ. ನಂಬರಿಗೆ ಫೋನ್ ಮಾಡಿ ನೋಡಲಿಲ್ಲ. ಅದು ಎರಡು ದಿನದ ಹಿಂದೆಯೇ ಸ್ವಿಚ್ ಆಫ್ ಆಗಿತ್ತು. ಒಬ್ಬ ಹೆಂಗಸು ಅದನ್ನು ನಂಬಿ ಒಂದು ಗಂಟೆ ಅದಕ್ಕೇ ಫೋನ್ ಮಾಡುತ್ತಾ ಕೂತಿದ್ದರಂತೆ. ಆಮೇಲೆ ನನಗೆ ಫೋನ್ ಮಾಡಿದರು. ಬೈಯಲಿಲ್ಲ. "ನೀವು ಬರೆದಿದ್ರಲ್ಲಾ, ಅದಕ್ಕೇ ನಿಜ ಇರುತ್ತೆ ಅನ್ಕೊಂಡೆ" ಅಂದರು.

ಬೈದಿದ್ದರೇ ಚೆನ್ನಾಗಿತ್ತು. ಚೆನ್ನಾಗಿ ಬರೆದ ಸುಳ್ಳನ್ನು ಜನ ಹೆಚ್ಚು ಹೊತ್ತು ನಂಬುತ್ತಾರೆ. ಅವತ್ತಿಂದ ನಾನೇ ಫೋನ್ ಮಾಡದ ಯಾವ ನಂಬರನ್ನೂ ಮುಂದೆ ಕಳಿಸಲಿಲ್ಲ. ಕಳಿಸಿದ ಪ್ರತಿಯೊಂದರ ಕೆಳಗೂ "ರಾ. 9.20ಕ್ಕೆ ಮಾತಾಡಿದೆ" ಅಂತ ಸಮಯ ಹಾಕಿದೆ. ಮೆಸೇಜ್ ಹತ್ತರಿಂದ ಮೂರಕ್ಕೆ ಇಳಿಯಿತು. ರಾತ್ರಿ ನಿದ್ದೆ ಬರತೊಡಗಿತು.

ಅಳು, ಸಿಟ್ಟು ಇವೆಲ್ಲ ಎಲ್ಲಿಗೆ ಹೋಯಿತು ಅಂತ ಕೇಳಬಹುದು. ಅದಕ್ಕೂ ಒಂದು ಜಾಗ ಮಾಡಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಹಿಂದೆ ಅನುವಾದ ಮಾಡುವಾಗ ಓದಿದ್ದೆ. ಕಾಲೇಜು ಹುಡುಗರಿಗೆ ತಮ್ಮ ಬದುಕಿನ ದೊಡ್ಡ ನೋವಿನ ಬಗ್ಗೆ ದಿನಕ್ಕೆ ಹದಿನೈದು ನಿಮಿಷದಂತೆ ನಾಲ್ಕು ದಿನ ಬರೆಯಲು ಹೇಳಿದ್ದರು. ನಡೆದದ್ದನ್ನೂ ಅದರ ಸಂಕಟವನ್ನೂ ಸೇರಿಸಿ ಬರೆದವರು ಆಮೇಲಿನ ಆರು ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಇದನ್ನು ಎಲ್ಲರೂ ಹೇಳುತ್ತಾರೆ. ಹೇಳದೇ ಬಿಡುವುದು ಇನ್ನೊಂದು: ಬರೆದ ಕೂಡಲೇ ಅವರ ಮನಸ್ಸು ಹಗುರವಾಗಲಿಲ್ಲ, ಇನ್ನಷ್ಟು ಕೆಟ್ಟಿತ್ತು.

ನನಗೂ ಹಾಗೇ ಆಯಿತು. ಕುಕ್ಕರಿನ ಪಕ್ಕದ ಟೈಮರ್ ಹದಿನೈದು ನಿಮಿಷಕ್ಕೆ ಇಟ್ಟು, ಹಳೇ ಕರೆಂಟ್ ಬಿಲ್ಲುಗಳ ಹಿಂದೆ ಬರೆದೆ. ಮೊದಲ ದಿನ ಬರೆದು ಎದ್ದಾಗ ಊಟ ಸೇರಲಿಲ್ಲ. ಗೊತ್ತಿದ್ದರಿಂದ ಹೆದರಲಿಲ್ಲ. ನಾಲ್ಕನೇ ದಿನ ಬರೆದದ್ದೆಲ್ಲ ಹರಿದು, ನೀರಲ್ಲಿ ನೆನೆಸಿ, ಗಿಡದ ಬುಡಕ್ಕೆ ಹಾಕಿದೆ. ಅದನ್ನು ಲೇಖನ ಮಾಡಬಹುದಿತ್ತು ಅಂತ ಬರೆಯುವ ಜೀವಕ್ಕೆ ಅನಿಸದೆ ಇರುವುದಿಲ್ಲ. ಮಾಡಲಿಲ್ಲ.

ಪತ್ರಿಕೆಗೆ ಫೋನ್ ಮಾಡಿ ಧೈರ್ಯದ ಲೇಖನ ನನ್ನಿಂದ ಆಗುವುದಿಲ್ಲ ಅಂದೆ. ಇಪ್ಪತ್ತು ವರ್ಷದಲ್ಲಿ ಒಪ್ಪಿಕೊಂಡ ಕೆಲಸವನ್ನು ಬೇಡ ಅಂದದ್ದು ಅದೇ ಮೊದಲು. ಬದಲಿಗೆ ಬೆಡ್ ಕೇಳುವ ಮೆಸೇಜ್ ಬರೆಯುವುದು ಹೇಗೆ ಅಂತ ಇನ್ನೂರು ಪದ ಕಳಿಸಿದೆ. ಮೂಲೆಯಲ್ಲಿ ಬಾಕ್ಸ್ ಮಾಡಿ ಹಾಕಿದರು, ನನ್ನ ಹೆಸರಿಲ್ಲದೆ. ಅದೇ ಕೈಯಲ್ಲಿ, ಬೇರೊಂದು ಕಡೆಯಿಂದ ಹದಿನಾಲ್ಕು ತಿಂಗಳಿಂದ ಬರಬೇಕಿದ್ದ ಅನುವಾದದ ದುಡ್ಡಿಗೂ ಒಂದು ಮೇಲ್ ಬರೆದೆ. ಕೆಲಸ ಮುಗಿಸಿದ ತಾರೀಖು, ಪುಟ, ದರ, ಬಾಕಿ ಎಷ್ಟು. "ಕಷ್ಟಕಾಲದಲ್ಲಿ ಕೇಳಲು ಮುಜುಗರ" ಅನ್ನುವ ಸಾಲನ್ನು ಬರೆದು ತೆಗೆದೆ. ಅರ್ಧ ದುಡ್ಡು ಬಂತು.

ಆಂಟಿ ಆರನೇ ದಿನ ತೀರಿಕೊಂಡರು. ಅಂಕಲ್‌ಗೆ ಮುಖ ನೋಡಲು ಆಗಲಿಲ್ಲ.

ಹತ್ತು ದಿನ ಬಿಟ್ಟು ಮತ್ತೆ ಗೇಟಿನ ಹತ್ತಿರ ನಿಂತರು. ಪೇಪರಿಗೆ ಶ್ರದ್ಧಾಂಜಲಿ ಕೊಡಬೇಕು, ಫೋಟೋ ಬಿಟ್ಟು ಮೂವತ್ತು ಪದಕ್ಕೆ ಜಾಗವಿದೆ. ಮಗಳು ಎಲ್ಲಿಂದಲೋ ಒಂದು ಮಾದರಿ ತೆಗೆದಿದ್ದಳು. "ವಿಧಿಯ ಕ್ರೂರ ಲೀಲೆಗೆ", "ಅಗಲಿಕೆಯ ದುಃಖಸಾಗರ", ಅದರಲ್ಲೇ ಹನ್ನೆರಡು ಪದ ಹೋಗಿತ್ತು. "ಆಂಟಿ ದಿನಾ ಏನ್ ಮಾಡ್ತಿದ್ರು ಅಂಕಲ್?" ಅಂದೆ. ಬಹಳ ಹೊತ್ತು ಸುಮ್ಮನಿದ್ದರು. "ರಾತ್ರಿ ಹೆಪ್ಪು ಹಾಕ್ತಿದ್ಲು. ನನ್ನದು ಲಾಸ್ಟ್ ಟ್ರಿಪ್ ಇದ್ರೆ ಹನ್ನೊಂದೂವರೆ ಆಗೋದು. ನಾನು ಬಂದ ಮೇಲೇ ಹೆಪ್ಪು ಹಾಕಿ ಮಲಗೋಳು."

ಅದನ್ನು ಹಾಗೇ ಹಾಕಿದೆವು. "ಕೊನೆಯ ಬಸ್ಸಿನವರೆಗೂ ನನಗಾಗಿ ಎದ್ದಿರುತ್ತಿದ್ದವಳು" ಅಂತ. ಆರು ಪದ ಉಳಿಯಿತು. ತುಂಬಿಸಲಿಲ್ಲ.

ಆ ವರ್ಷದ ಕೊನೆಗೆ ಕೋವಿಡ್‌ನಿಂದ ತೀರಿಕೊಂಡವರ ಮನೆಯವರಿಗೆ 50 ಸಾವಿರ ರೂಪಾಯಿ ಪರಿಹಾರದ ಅರ್ಜಿ ಬಂತು. ಅಂಕಲ್ ಈ ಸಲ ಗೇಟು ತೆಗೆದು ಒಳಗೆ ಬಂದು ಕೂತರು. ಮರಣ ಪತ್ರ, ಪಾಸಿಟಿವ್ ರಿಪೋರ್ಟ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್, ಎಲ್ಲ ಒಂದು ಪ್ಲಾಸ್ಟಿಕ್ ಕವರಲ್ಲಿ, ತಾರೀಖಿನ ಪ್ರಕಾರ. ಅವರು ಹೇಳಿದಂತೆ ನಾನು ಪೆನ್ಸಿಲ್‌ನಲ್ಲಿ ತುಂಬಿಸಿದೆ, ಮೇಲೆ ಅವರು ಪೆನ್ನಲ್ಲಿ ತಿದ್ದಬೇಕು. ಮೃತರಿಗೂ ಅರ್ಜಿದಾರರಿಗೂ ಇರುವ ಸಂಬಂಧ ಅನ್ನುವ ಕಡೆ ನಾನು "ಪತಿ" ಅಂತ ಬರೆದಿದ್ದೆ.

ಕಿವಿಯ ಮೇಲಿದ್ದ ಪೆನ್ನು ತೆಗೆದರು. ರಬ್ಬರ್ ಕೇಳಿದರು. ಪತಿಯನ್ನು ಒರೆಸಿ, ದಪ್ಪಕ್ಷರದಲ್ಲಿ "ಗಂಡ" ಅಂತ ಬರೆದು, ಆಮೇಲೆ ಗೋಡೆ ಗಡಿಯಾರ ನೋಡಿ ಪಕ್ಕದಲ್ಲಿ ಸಮಯ ಹಾಕಿದರು.